ಕಮಾನಿನ ನೆರಳು, ಮುಖದ ಬೆಳಕು

ಹೈದರಾಬಾದಿನಲ್ಲಿ ಫೋಟೋ ಅಂದರೆ ನಾವೆಲ್ಲ ಕುತುಬ್‌ಶಾಹಿ ಗೋರಿಗಳ ಕಡೆ ಓಡುವವರೇ. ಬಂದ ಚಿತ್ರದಲ್ಲಿ ಗುಮ್ಮಟ ಇರ್ತದ, ಗೆಳೆಯ ಇರೋದಿಲ್ಲ: ಕಡಲೆಕಾಳಿನಷ್ಟು ಮುಖ, ಕಣ್ಣಿದ್ದಲ್ಲಿ ಕರಿ ಗುಳಿ. ನಡುಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿಂದ ಇಳಿಯುವಾಗ ಹುಬ್ಬಿನ ನೆರಳು ಕಣ್ಣನ್ನು ನುಂಗಿಬಿಡುತ್ತದೆ.

ಉಪಾಯ ಸುಲಭ ನೋಡ್ರಿ. ಗೋರಿಯ ಸುತ್ತಲಿನ ಕಮಾನಿನೊಳಗೆ ಎರಡು ಹೆಜ್ಜೆ ಒಳಕ್ಕೆ ನಿಲ್ಲಿಸಿ, ಮುಖ ಬಯಲಿನ ಕಡೆ ಇರಲಿ. ಆಕಾಶದ ಬೆಳಕೂ ಬಿಸಿಲು ಬಿದ್ದ ನೆಲದ ಬೆಳಕೂ ಮೆತ್ತಗೆ ಬಂದು ಕಣ್ಣು ತುಂಬ್ತಾವ. ಬೆನ್ನ ಹಿಂದಿನ ಕತ್ತಲೆ ಮುಖವನ್ನು ಎದ್ದು ಕಾಣಿಸುತ್ತದೆ. ನೀವೂ ಹತ್ತಿರ ಹೋಗಿ, ಮಾತಾಡಿಸುತ್ತ ತೆಗೆಯಿರಿ.

ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳರು (1844–1905) ಗಾಜಿನ ಪ್ಲೇಟುಗಳೊಡನೆ ಬಯಲಿಗಿಳಿದವರು. ನಿಜಾಮರ ಸೀಮೆಯಲ್ಲಿ ಬೇಟೆಯಾಡಿದ ವೈಸರಾಯ್ ಕರ್ಜನ್ ದಂಪತಿಯ 1902ರ ಚಿತ್ರ ಅವರದೇ. ಕಾಲಬುಡದಲ್ಲಿ ಸತ್ತ ಹುಲಿ ಬಿದ್ದದೆ. ಅಂಥ ಚಿತ್ರಕ್ಕೆ ಪದವಿ ತೋರಿಸಬೇಕಿತ್ತು. ನಮಗೆ ಬೇಕಾದದ್ದು ಮನುಷ್ಯ. ಊರಿಂದ ಬಂದ ಅವ್ವನನ್ನು ಗುಮ್ಮಟ ತೋರಿಸಲು ಕರೆದೊಯ್ದಾಗ ಮೊದಲು ಅವಳ ಕಣ್ಣಿಗೆ ಬೆಳಕು ಹುಡುಕಿ. ಗುಮ್ಮಟ ನಾಳೆಯೂ ಅಲ್ಲೇ ಇರ್ತದ.