ಚಳಿ ಕಾಯಿಸುವ ಗುಂಡಿಯ ಒಳಗುಟ್ಟು

ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ಈಗ ಕತ್ತಲಾದರೆ ಅಂಗಳದಲ್ಲೊಂದು ಕ್ಯಾಂಪ್‌ಫೈರ್ ಇರಲೇಬೇಕು. ನೆಲ ತೋಡಿ ಸುತ್ತ ನಾಲ್ಕು ಕಲ್ಲಿಟ್ಟರೆ ಬೆಂಕಿಗುಂಡಿ ತಯಾರು ಎಂದುಕೊಳ್ಳುವವರೇ ಹೆಚ್ಚು. ಆ ಕಲ್ಲುಗಳ ವಿಷಯವನ್ನೇ ಮೊದಲು ಹೇಳಬೇಕು.

ಹೊಳೆಯಿಂದ ಹೆಕ್ಕಿ ತಂದ ನುಣುಪು ಕಲ್ಲನ್ನು ಉರಿಯ ಹತ್ತಿರ ಇಡಲೇಬಾರದು. ಬಹುಕಾಲ ನೀರಲ್ಲಿ ಮುಳುಗಿದ್ದ ಕಲ್ಲಿನ ಸಣ್ಣಸಣ್ಣ ಬಿರುಕುಗಳಲ್ಲಿ ನೀರು ಸೇರಿಕೊಂಡಿರುತ್ತದೆ. ನೀರು ಆವಿಯಾದಾಗ ಅದಕ್ಕೆ ಸುಮಾರು 1,600 ಪಟ್ಟು ಜಾಗ ಬೇಕು. ದಾರಿ ಸಿಗದಿದ್ದರೆ ಕಲ್ಲೇ ಸಿಡಿಯುತ್ತದೆ; ಚೂರು ಕಣ್ಣಿಗೆ ಬಡಿಯಬಹುದು. ಒಣಗಿದ ಗ್ರಾನೈಟನ್ನೂ ಪೂರ್ತಿ ನಂಬುವಂತಿಲ್ಲ. ಅದರಲ್ಲಿರುವ ಕ್ವಾರ್ಟ್ಸ್ ಹರಳು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಚನೆ ಬದಲಿಸಿ ಹಿಗ್ಗುತ್ತದೆ. ಅಷ್ಟು ಕಾಯದಿದ್ದರೂ ಬಿಸಿಯಾದ ಮೇಲ್ಪದರ ಹಿಗ್ಗಿ, ತಣ್ಣಗಿರುವ ಒಳಭಾಗದಿಂದ ಬಿಟ್ಟುಕೊಳ್ಳುತ್ತದೆ. ನಮ್ಮ ಕಲ್ಲುಕುಟಿಗರು ಇದನ್ನು ಚೆನ್ನಾಗಿ ಬಲ್ಲರು. ಬೆಂಗಳೂರಿನ ಸುತ್ತ ಬಂಡೆಯ ಮೇಲೆ ಸೌದೆ ಉರಿಸಿ, ಉರಿಯನ್ನು ನಿಧಾನವಾಗಿ ಮುಂದೆ ಸರಿಸುತ್ತ ದೊಡ್ಡ ದೊಡ್ಡ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಎಂಥ ಸೊಗಸಾದ ವಿದ್ಯೆ! ಆದರೆ ಅದು ನಡೆಯಬೇಕಾದದ್ದು ಕ್ವಾರಿಯಲ್ಲಿ, ಮಕ್ಕಳು ಸುತ್ತ ಕುಳಿತ ಗುಂಡಿಯಲ್ಲಲ್ಲ. ಒಳಗೋಡೆಗೆ ಕುಲುಮೆಯವರು ಬಳಸುವ ಫೈರ್‌ಬ್ರಿಕ್ ಕಟ್ಟುವುದು ಒಳ್ಳೆಯದು.

ಇನ್ನು ಹೊಗೆ. ಸೌದೆ ಸುಮಾರು 300 ಡಿಗ್ರಿಗೆ ಕಾಯುವಷ್ಟರಲ್ಲಿ ಅದರಿಂದ ಅನಿಲಗಳು ಹೊರಡುತ್ತವೆ. ಜ್ವಾಲೆಯಾಗಿ ಕಾಣುವುದು ಅವು ಉರಿಯುವುದೇ. ಶಾಖ, ಗಾಳಿ ಸಾಲದೆ ಉರಿಯದೇ ಉಳಿದದ್ದು ಹೊಗೆಯಾಗಿ ಕಣ್ಣು ಉರಿಸುತ್ತದೆ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಕುದಿಸುವುದರಲ್ಲೇ ಶಾಖ ಸೋರಿಹೋಗುತ್ತದೆ. ಈಗ ಮಾರುಕಟ್ಟೆಗೆ ಬಂದಿರುವ ‘ಹೊಗೆರಹಿತ’ ಉಕ್ಕಿನ ಗುಂಡಿಗಳಿಗೆ ಎರಡು ಗೋಡೆ. ತಳದ ತೂತುಗಳಿಂದ ಹೊಕ್ಕ ಗಾಳಿ ಗೋಡೆಗಳ ನಡುವೆ ಬಿಸಿಯಾಗುತ್ತ ಮೇಲೇರಿ, ಅಂಚಿನ ತೂತುಗಳಿಂದ ಒಳಗೆ ನುಗ್ಗುತ್ತದೆ. ಹೊಗೆಯಾಗಿ ಹೋಗಬೇಕಿದ್ದ ಅನಿಲಕ್ಕೆ ಅಲ್ಲಿ ಬಿಸಿಗಾಳಿ ಸಿಕ್ಕಿ ಅದೂ ಉರಿಯುತ್ತದೆ. ಮಣ್ಣಿನ ಗುಂಡಿಗೂ ಗಾಳಿ ಬೀಸುವ ಕಡೆಯಿಂದ ತಳಕ್ಕೊಂದು ಓರೆ ಬಿಲ ಕೊರೆದರೆ ಉರಿ ಚುರುಕಾಗುತ್ತದೆ.

ಮನೆ, ಟೆಂಟ್, ಒಣಹುಲ್ಲಿನಿಂದ ಗುಂಡಿ 25 ಅಡಿಯಾದರೂ ದೂರವಿರಲಿ. ತಲೆಯ ಮೇಲೆ ಕೊಂಬೆ ಬೇಡ, ಸುತ್ತ ತರಗೆಲೆ ಬೇಡ. ಪೆಟ್ರೋಲ್ ಅಂತೂ ಬೇಡವೇ ಬೇಡ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದಿಂದಲೇ ಹೊತ್ತಿಕೊಳ್ಳುತ್ತದೆ.

ಉರಿ ಅಡಗಿದ ಮೇಲಿನ ಕೆಂಡವನ್ನು ಜನ ಹಗುರವಾಗಿ ಕಾಣುತ್ತಾರೆ. ಚಳಿಯೆಂದು ಅದನ್ನು ಬಾಂಡ್ಲಿಯಲ್ಲಿ ತುಂಬಿ ಕೋಣೆಗೆ ಒಯ್ದು ಬಾಗಿಲು ಹಾಕಿ ಮಲಗಿದವರು ಬೆಳಗ್ಗೆ ಏಳದ ಸುದ್ದಿ ಚಳಿಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಟೆಂಟಿನೊಳಗೂ ಇದೇ ಅಪಾಯ.

ಮಣ್ಣು ಮುಚ್ಚಿದರೆ ಬೆಂಕಿ ಆರಿತೆಂಬ ನಂಬಿಕೆಯನ್ನೂ ಬಿಡಬೇಕು. ಮಣ್ಣು, ಮರಳು, ಬೂದಿ ಶಾಖವನ್ನು ಹೊರಗೆ ಬಿಡುವುದಿಲ್ಲ; ಕೆಂಡ ಬೆಳಗಿನವರೆಗೂ ಕಾದಿರುತ್ತದೆ, ಬರಿಗಾಲಿನ ಮಗುವಿಗೆ ಅದು ಕಾಣುವುದಿಲ್ಲ. ನೀರು ಸುರಿಯಿರಿ, ಕೋಲಿನಿಂದ ಕೆದಕಿ, ಮತ್ತೆ ಸುರಿಯಿರಿ. ಬೂದಿಯ ಮೇಲೆ ಅಂಗೈಯ ಹಿಂಬದಿ ಹಿಡಿದಾಗ ಚೂರೂ ಬಿಸಿ ತಾಗದಿದ್ದರೆ ಮಾತ್ರ ಮಲಗಲು ಹೋಗಿ.