ಅನುಕರಣೆಯೇ ಮಾತಿನ ಮೆಟ್ಟಿಲು: ಆಟಿಸಂ ಇರುವ ಮಗುವಿಗೆ ಮನೆಮಾತು ಹೊರೆಯಲ್ಲ

ಮಗು ಮಾತು ಕಲಿಯುವುದು ಅನುಕರಣೆಯಿಂದ. ಅಜ್ಜಿ ಚಪ್ಪಾಳೆ ತಟ್ಟಿದರೆ ತಾನೂ ತಟ್ಟುತ್ತದೆ. ತಾಯಿಯ ತುಟಿಯ ಚಲನೆಯನ್ನು ನೋಡಿ ದನಿಗೂಡಿಸುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಈ ಅನುಕರಣೆ ತಡವಾಗಿ ಮೂಡುತ್ತದೆ ಅಥವಾ ವಿರಳವಾಗಿರುತ್ತದೆ. ಎಳವೆಯಲ್ಲಿ ಹಾವಭಾವಗಳನ್ನು ಚೆನ್ನಾಗಿ ಅನುಕರಿಸುವ ಮಕ್ಕಳ ಮಾತು ಮುಂದೆ ಹೆಚ್ಚು ಬೆಳೆಯುತ್ತದೆಂಬುದನ್ನು ಸ್ಟೋನ್ ಮತ್ತು ಯೋಡರ್ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು.

ಇನ್ನು ಕೆಲವು ಮಕ್ಕಳು ಕೇಳಿದ್ದನ್ನೇ ಮರುನುಡಿಯುತ್ತಾರೆ. "ನೀರು ಬೇಕಾ?" ಎಂದರೆ "ನೀರು ಬೇಕಾ?" ಎಂದೇ ಉತ್ತರ. ಲಿಯೋ ಕ್ಯಾನರ್ 1943ರಲ್ಲೇ ಇದನ್ನು ದಾಖಲಿಸಿದ್ದರು. ಇದು ಅರ್ಥಹೀನ ಗಿಳಿಪಾಠವೆಂಬ ಭಾವನೆ ಬಹುಕಾಲ ಇತ್ತು. ಆದರೆ ಬೇಡಿಕೆ, ಒಪ್ಪಿಗೆ, ಮಾತಿನ ಸರದಿ ಮುಂತಾದ ಉದ್ದೇಶಗಳು ಅದರಲ್ಲಿ ಅಡಗಿರುತ್ತವೆ ಎಂದು ಪ್ರಿಜಾಂಟ್ ಮತ್ತು ಡ್ಯೂಕನ್ 1981ರಲ್ಲಿ ತೋರಿಸಿದರು. ಆದ್ದರಿಂದ ಮಗುವನ್ನು ಗದರಿಸದೆ, "ನೀರು ಬೇಕು" ಎಂದು ಅದರ ಪರವಾಗಿ ನುಡಿದು ನೀರು ಕೊಡುವುದು ಲೇಸು.

ಅನುಕರಣೆಯನ್ನು ಬೆಳೆಸಲು ಮೊದಲು ಹಿರಿಯರೇ ಮಗುವನ್ನು ಅನುಕರಿಸಬೇಕು. ಅದು ಲೋಟ ಬಡಿದರೆ ನಾವೂ ಬಡಿಯುವುದು, ಅದು ಹೊರಡಿಸಿದ ದನಿಯನ್ನೇ ಮರಳಿಸುವುದು. ಮಗು ನಮ್ಮತ್ತ ನೋಡಿದಾಗ ಹೊಸದೊಂದು ಚಲನೆಯನ್ನು ಸೇರಿಸಿ ಕಾಯುವುದು.

ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಮಂಜೇಶ್ವರದಲ್ಲಿ ಕನ್ನಡ, ತುಳುಗಳೊಡನೆ ಮಲಯಾಳ. ಅಕ್ಕಲಕೋಟೆಯಲ್ಲಿ ಕನ್ನಡದೊಡನೆ ಮರಾಠಿ. ಮಾತು ತಡವಾದೊಡನೆ "ಮನೆಮಾತು ಬಿಡಿ, ಶಾಲೆಯ ಭಾಷೆಯನ್ನಷ್ಟೇ ಆಡಿ" ಎಂಬ ಸಲಹೆ ಬರುವುದುಂಟು. ಇದಕ್ಕೆ ಆಧಾರವಿಲ್ಲ. ಎರಡು ಭಾಷೆಗಳ ನಡುವೆ ಬೆಳೆದ ಆಟಿಸಂ ಮಕ್ಕಳು ಏಕಭಾಷಿಕ ಆಟಿಸಂ ಮಕ್ಕಳಿಗಿಂತ ಭಾಷೆಯಲ್ಲಿ ಹಿಂದುಳಿದಿಲ್ಲವೆಂದು ಹಲವು ಅಧ್ಯಯನಗಳು ಕಂಡಿವೆ. ಬದಲಾಗಿ, ಸರಾಗವಾಗಿ ಬಾರದ ಭಾಷೆಯಲ್ಲಿ ತಂದೆತಾಯಿಯರ ಮಾತು, ಹಾಡು, ಮುದ್ದು ಎಲ್ಲವೂ ಕುಗ್ಗುತ್ತವೆ. ಅಜ್ಜ ಅಜ್ಜಿಯರು ಮಗುವಿಗೆ ದೂರವಾಗುತ್ತಾರೆ. ಅನುಕರಿಸಲು ಮಗುವಿಗೆ ಉಳಿಯುವುದೇ ಅಲ್ಪ.

ಒಂದು ವರ್ಷವಾದರೂ ಹೆಸರಿಗೆ ಓಗೊಡದಿದ್ದರೆ, ಬೆರಳು ತೋರದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ ವೈದ್ಯರನ್ನು ಕಾಣಬೇಕು. ಶ್ರವಣ ಪರೀಕ್ಷೆಯೂ ಆಗಲೇ ನಡೆಯಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿ ಉಚಿತ ತಪಾಸಣೆಯಿದೆ. ಅಲ್ಲಿ ಮಗು ಮನೆಯಲ್ಲಿ ಯಾವ ಭಾಷೆ ಕೇಳುತ್ತದೆ, ಆ ಭಾಷೆಯಲ್ಲಿ ಏನೇನು ನುಡಿಯುತ್ತದೆ ಎಂಬುದನ್ನು ಪೋಷಕರು ತಪ್ಪದೆ ತಿಳಿಸಬೇಕು. ಮಲಯಾಳದಲ್ಲಿ ಮೌನವಾಗಿರುವ ಮಗು ಕನ್ನಡದಲ್ಲಿ ನಾಲ್ಕು ಪದ ಆಡುತ್ತಿದ್ದರೆ ಆ ನಾಲ್ಕೂ ಲೆಕ್ಕಕ್ಕೆ ಬರಬೇಕು.