ವಿನ್‌ಕ್ರಿಸ್ಟೀನ್ ಚುಚ್ಚುಮದ್ದು: ರಕ್ತದ ಕ್ಯಾನ್ಸರ್ ರೋಗಿಗಳು ಹಾಗೂ ಪೋಷಕರ ಗಮನಕ್ಕೆ

ರಕ್ತದ ಕ್ಯಾನ್ಸರ್‌ಗಳಲ್ಲಿ ಒಂದಾದ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಆಗಿರುತ್ತದೆ. ಇದರ ಚಿಕಿತ್ಸೆಯಲ್ಲಿ ಮೊದಲ ತಿಂಗಳಿನಿಂದಲೇ ಬಳಸಲಾಗುವ ಪ್ರಮುಖ ಔಷಧ ವಿನ್‌ಕ್ರಿಸ್ಟೀನ್. ವಿಜಯಪುರ ಜಿಲ್ಲೆಯ ಜೈನಾಪುರ, ಬಬಲೇಶ್ವರ, ತಿಕೋಟಾ ಭಾಗದ ರೋಗಿಗಳು ಈ ಚಿಕಿತ್ಸೆಗಾಗಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಬೇಕಾದಲ್ಲಿ 500 ಕಿ.ಮೀ.ಗೂ ಹೆಚ್ಚು ಪ್ರಯಾಣ ಮಾಡಬೇಕಾಗುತ್ತದೆ. ಅಲ್ಲಿ ಚುಚ್ಚುಮದ್ದು ಪಡೆದು ಊರಿಗೆ ಮರಳಿದ ನಂತರ ಮನೆಯವರು ವಹಿಸಬೇಕಾದ ಎಚ್ಚರಿಕೆಗಳನ್ನು ಇಲ್ಲಿ ವಿವರಿಸಲಾಗಿದೆ.

ಔಷಧದ ಮೂಲ

ಅಂಗಳದಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪ, ಅಂದರೆ ಸದಾಪುಷ್ಪ ಅಥವಾ ಕಾಶಿ ಕಣಗಿಲೆ ಗಿಡದಿಂದ ಈ ಔಷಧವನ್ನು ಪಡೆಯಲಾಗುತ್ತದೆ. ಅಮೆರಿಕದಲ್ಲಿ 1963ರಲ್ಲಿ ಇದರ ಬಳಕೆಗೆ ಅನುಮತಿ ದೊರೆಯಿತು. ಇದನ್ನು ತಿಳಿದ ಕೆಲವರು ಗಿಡದ ಎಲೆಯ ಕಷಾಯ ಕುಡಿಸಲು ಮುಂದಾಗುವುದುಂಟು. ಇದು ಅಪಾಯಕಾರಿ. ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕಾಗುತ್ತದೆ. ಕಷಾಯದಲ್ಲಿ ಔಷಧದ ಅಳತೆಯೂ ಇರುವುದಿಲ್ಲ, ಎಲೆಯ ಇತರ ವಿಷಾಂಶಗಳಿಂದ ರಕ್ಷಣೆಯೂ ಇರುವುದಿಲ್ಲ. ಯಾವುದೇ ನಾಟಿ ಔಷಧಿ ನೀಡುತ್ತಿದ್ದಲ್ಲಿ ಅದನ್ನು ವೈದ್ಯರಿಂದ ಮುಚ್ಚಿಡಬಾರದು.

ಚುಚ್ಚುಮದ್ದು ನೀಡುವ ವಿಧಾನ

ವಿನ್‌ಕ್ರಿಸ್ಟೀನ್ ಅನ್ನು ರಕ್ತನಾಳದ ಮೂಲಕ ಮಾತ್ರ ನೀಡತಕ್ಕದ್ದು. ಆರಂಭದ ಹಂತದಲ್ಲಿ ಸಾಮಾನ್ಯವಾಗಿ ವಾರಕ್ಕೊಮ್ಮೆ ನೀಡಲಾಗುತ್ತದೆ. ಇದೇ ರೋಗಿಗಳಿಗೆ ಮೆಥೊಟ್ರೆಕ್ಸೇಟ್ ಎಂಬ ಬೇರೊಂದು ಔಷಧವನ್ನು ಬೆನ್ನುಹುರಿಯ ದ್ರವಕ್ಕೆ ನೀಡಬೇಕಾಗಿರುತ್ತದೆ. ಆ ಜಾಗಕ್ಕೆ ತಪ್ಪಿ ವಿನ್‌ಕ್ರಿಸ್ಟೀನ್ ಹೋದಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಈ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಎಚ್ಚರಿಕೆ ನೀಡಿ, ವಿನ್‌ಕ್ರಿಸ್ಟೀನ್ ಅನ್ನು ಸಿರಿಂಜಿನ ಬದಲು ಸಣ್ಣ ದ್ರಾವಣದ ಚೀಲದಲ್ಲಿ ಬೆರೆಸಿ ನೀಡುವಂತೆ ಸಲಹೆ ಮಾಡಿದೆ. ಇಂದು ಯಾವ ಔಷಧ, ಎಲ್ಲಿಗೆ ನೀಡಲಾಗುತ್ತಿದೆ ಎಂದು ಪೋಷಕರು ವಿಚಾರಿಸಬಹುದು. ಹಾಗೆ ಕೇಳುವುದು ಅವಿಧೇಯತೆಯಲ್ಲ.

ಔಷಧ ಹೋಗುತ್ತಿರುವಾಗ ಸೂಜಿಯ ಜಾಗದಲ್ಲಿ ಉರಿ, ನೋವು ಅಥವಾ ಊತ ಕಂಡಲ್ಲಿ ಕೂಡಲೇ ದಾದಿಯರಿಗೆ ತಿಳಿಸಬೇಕು. ಔಷಧವು ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ ಮತ್ತು ಮಾಂಸಕ್ಕೆ ತೀವ್ರ ಹಾನಿಯಾಗುತ್ತದೆ. ಚಿಕ್ಕ ಮಗು ಅತ್ತರೆ ಸೂಜಿಯ ಭಯವೆಂದು ತಳ್ಳಿಹಾಕದೆ ಕೈಯನ್ನು ಪರೀಕ್ಷಿಸಲು ಕೋರತಕ್ಕದ್ದು.

ಮನೆಯಲ್ಲಿ ಗಮನಿಸಬೇಕಾದ ಲಕ್ಷಣಗಳು

ಈ ಔಷಧವು ನರಗಳ ಮೇಲೆ ಪರಿಣಾಮ ಬೀರುತ್ತದೆ. ಮಲಬದ್ಧತೆ ಬಹಳ ಸಾಮಾನ್ಯ. ವೈದ್ಯರು ಬರೆದುಕೊಟ್ಟ ಮಲ ಸಡಿಲಿಸುವ ಔಷಧಿಯನ್ನು ತೊಂದರೆ ಆರಂಭವಾಗುವ ಮೊದಲೇ ನೀಡಬೇಕು; ವೈದ್ಯರನ್ನು ಕೇಳದೆ ಎನಿಮಾ ಕೊಡಬಾರದು. ಹೊಟ್ಟೆ ಉಬ್ಬರಿಸಿ ವಾಂತಿಯಾದಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ದವಡೆ ನೋವಿದ್ದಾಗ ಖಡಕ್ ರೊಟ್ಟಿ ಅಗಿಯಲಾಗದು. ಹಾಲಿನಲ್ಲಿ ನೆನೆಸಿದ ಮೆತ್ತನೆಯ ರೊಟ್ಟಿ ಅಥವಾ ಚೆನ್ನಾಗಿ ಬೇಯಿಸಿದ ಜೋಳದ ನುಚ್ಚು ಕೊಡಬಹುದು. ಕೈಕಾಲು ಜೋಮು ಹಿಡಿಯುವುದು, ಅಂಗಿಯ ಗುಂಡಿ ಹಾಕಲು ಬಾರದಿರುವುದು, ನಡೆಯುವಾಗ ಪಾದದ ಮುಂಭಾಗ ನೆಲಕ್ಕೆ ತಾಗುವುದು ಇವುಗಳನ್ನು ಮುಂದಿನ ಭೇಟಿಯಲ್ಲಿ ತಪ್ಪದೆ ತಿಳಿಸಬೇಕು. ವೈದ್ಯರು ಔಷಧದ ಪ್ರಮಾಣವನ್ನು ಬದಲಿಸಬಹುದು. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರುವುದರಿಂದ ಹೊಲದಲ್ಲಿ ಬರಿಗಾಲಿನಲ್ಲಿ ಓಡಾಡಲು ಬಿಡಬಾರದು. ಉದುರಿದ ಕೂದಲು ಚಿಕಿತ್ಸೆಯ ನಂತರ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ಶಿಲೀಂಧ್ರ ಸೋಂಕಿಗೆ ನೀಡುವ ಇಟ್ರಾಕೊನಜೋಲ್, ವೊರಿಕೊನಜೋಲ್‌ನಂತಹ ಔಷಧಿಗಳು ವಿನ್‌ಕ್ರಿಸ್ಟೀನ್‌ನ ವಿಷಪರಿಣಾಮವನ್ನು ಹೆಚ್ಚಿಸುತ್ತವೆ. ಆದ್ದರಿಂದ ಬೇರೆ ವೈದ್ಯರ ಬಳಿ ಹೋದಾಗಲೂ ಚಿಕಿತ್ಸಾ ಕಡತವನ್ನು ತೋರಿಸತಕ್ಕದ್ದು. ಪಲ್ಸ್ ಪೋಲಿಯೋ ದಿನದಂದು ಚಿಕಿತ್ಸೆಯಲ್ಲಿರುವ ಮಗುವಿಗೆ ಹನಿ ಹಾಕಿಸುವ ಮುನ್ನ ಚಿಕಿತ್ಸೆ ನೀಡುತ್ತಿರುವ ವೈದ್ಯರ ಅಭಿಪ್ರಾಯ ಪಡೆಯಬೇಕು.

ಜ್ವರ ಬಂದಲ್ಲಿ

ರೋಗ ಹಾಗೂ ಜೊತೆಗೆ ನೀಡುವ ಇತರ ಔಷಧಗಳಿಂದ ಸೋಂಕು ತಡೆಯುವ ಬಿಳಿ ರಕ್ತಕಣಗಳು ಕಡಿಮೆಯಾಗಿರುತ್ತವೆ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರವನ್ನು ತುರ್ತು ಸ್ಥಿತಿಯೆಂದೇ ಭಾವಿಸಬೇಕು. ಮನೆಯಲ್ಲಿ ಗುಳಿಗೆ ಕೊಟ್ಟು ಬೆಳಗಿನವರೆಗೆ ಕಾಯುವುದಾಗಲೀ, ಬೆಂಗಳೂರಿಗೆ ಹೊರಡುವ ಸಿದ್ಧತೆಯಲ್ಲಿ ದಿನ ಕಳೆಯುವುದಾಗಲೀ ಸಲ್ಲದು. ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಗೆ ರಾತ್ರಿಯಾದರೂ ಕರೆದೊಯ್ದು, ಕಿಮೋಥೆರಪಿ ನಡೆಯುತ್ತಿದೆ ಎಂಬುದನ್ನು ಮೊದಲ ಮಾತಿನಲ್ಲೇ ತಿಳಿಸತಕ್ಕದ್ದು. 108 ಆಂಬುಲೆನ್ಸ್ ಸೇವೆ ಉಚಿತವಾಗಿರುತ್ತದೆ.

ಚಿಕಿತ್ಸೆಯ ಅವಧಿ

ಮೊದಲ ತಿಂಗಳ ನಂತರ ರಕ್ತಪರೀಕ್ಷೆ ಸರಿಯಾಗಿ ಬಂದು ಮಗು ಆಟವಾಡತೊಡಗುತ್ತದೆ. ರೋಗ ಹೋಯಿತೆಂದು ಚಿಕಿತ್ಸೆ ನಿಲ್ಲಿಸುವ ಕುಟುಂಬಗಳಿವೆ. ಬಿತ್ತನೆ, ಕಬ್ಬು ಕಟಾವಿನ ಕಾಲದಲ್ಲಿ ಇದು ಸುಲಭವಾಗಿ ಆಗಿಬಿಡುತ್ತದೆ. ಆದರೆ ಪರೀಕ್ಷೆಗೆ ಕಾಣದ ರೋಗಕಣಗಳು ಉಳಿದಿರುತ್ತವೆ. ಸಾಮಾನ್ಯವಾಗಿ ಎರಡರಿಂದ ಮೂರು ವರ್ಷಗಳ ಚಿಕಿತ್ಸೆ ಅಗತ್ಯವಿದ್ದು, ನಡುವೆ ಬಿಟ್ಟಲ್ಲಿ ಮರುಕಳಿಸುವ ರೋಗವನ್ನು ಗುಣಪಡಿಸುವುದು ಮೊದಲಿಗಿಂತ ಕಠಿಣ. ಬರಲು ಅನಾನುಕೂಲವಿದ್ದಲ್ಲಿ ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಿ ದಿನಾಂಕ ಹೊಂದಿಸಿಕೊಳ್ಳಬಹುದು. ರಾಜ್ಯದಲ್ಲಿ 2025ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಕೇಂದ್ರಗಳನ್ನು ಆರಂಭಿಸಲಾಗಿದ್ದು, ಮುಂದಿನ ಚುಚ್ಚುಮದ್ದುಗಳನ್ನು ಸಮೀಪದಲ್ಲಿ ಪಡೆಯಲು ಸಾಧ್ಯವೇ ಎಂದು ವೈದ್ಯರಲ್ಲಿ ವಿಚಾರಿಸಬಹುದು.

ವೆಚ್ಚ ಮತ್ತು ಪ್ರಯಾಣ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಲಭ್ಯವಿದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಗೆ ಒಳಪಟ್ಟು ಭರಿಸಲಾಗುತ್ತದೆ. ಪಡಿತರ ಚೀಟಿ, ರೋಗಿಯ ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಜೊತೆಗೆ ಒಯ್ಯತಕ್ಕದ್ದು. ಮಗುವಿನ ಹೆಸರು ಪಡಿತರ ಚೀಟಿಗೆ ಸೇರಿಲ್ಲದಿದ್ದಲ್ಲಿ ಅದನ್ನು ಸೇರಿಸಲು ಕೂಡಲೇ ಅರ್ಜಿ ಸಲ್ಲಿಸುವುದು ಒಳಿತು. ಹೆಚ್ಚಿನ ಮಾಹಿತಿಗೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು.

ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಹಾಗೂ ಮೂರನೇ ದರ್ಜೆ ಹವಾನಿಯಂತ್ರಿತ ಬೋಗಿಯಲ್ಲಿ ಪೂರ್ಣ ರಿಯಾಯಿತಿಯೂ, ಜೊತೆಗಿರುವ ಒಬ್ಬರಿಗೆ ಶೇ. 75ರಷ್ಟು ರಿಯಾಯಿತಿಯೂ ಇರುತ್ತದೆ. ಇದಕ್ಕೆ ಬೇಕಾದ ನಿಗದಿತ ನಮೂನೆಯ ಪ್ರಮಾಣಪತ್ರವನ್ನು ಆಸ್ಪತ್ರೆಯಲ್ಲಿ ನೀಡಲಾಗುತ್ತದೆ. ಊರಿಗೆ ಹೊರಡುವ ಮುನ್ನವೇ ಮುಂದಿನ ಭೇಟಿಗೂ ಅದನ್ನು ಕೇಳಿ ಪಡೆಯತಕ್ಕದ್ದು.